ಮುನ್ಷಿ ಧಾರವಾಡದವನಾದ ಮಳೆಗಾಲ

ಹೋದ ತಿಂಗಳು ಆಫೀಸಿನ ಕೆಲಸವೆಂದು ಮದ್ರಾಸಿನ ಪ್ಯಾರೀಸ್ ಕಾರ್ನರಿಗೆ ಹೋಗಿದ್ದೆ. ಕೆಲಸವೆಂದರೆ ನಮ್ಮ ಮ್ಯಾನೇಜರರ ಮಗಳ ಮದುವೆಗೆ ಕಾಗದದ ತಟ್ಟೆ ಸಗಟಿನಲ್ಲಿ ಎಲ್ಲಿ ಸಿಗುತ್ತದೆಂದು ವಿಚಾರಿಸಿಕೊಂಡು ಬರುವುದು. ಮ್ಯಾನೇಜರರು ಕೆಮ್ಮುವುದನ್ನು, ಕೆಮ್ಮಿದ ಮೇಲೆ ಬೈಯುವುದನ್ನು ನಾನು ಬಹಳ ಚೆನ್ನಾಗಿ ಅಣಕು ಮಾಡುತ್ತೇನೆ. ಅದನ್ನು ಯಾರೋ ಅವರ ಕಿವಿಗೆ ಹಾಕಿದ್ದಾರೆ. ಅಂದಿನಿಂದ ಇಂಥ ಕೆಲಸಗಳೆಲ್ಲ ನನಗೇ ಬೀಳುತ್ತವೆ.

ಓಣಿಯ ತಿರುವಿನಲ್ಲಿ ಒಂದು ನಶ್ಯದ ಅಂಗಡಿ. ದೊಡ್ಡ ಡಬ್ಬಿಯ ಮುಚ್ಚಳ ತೆಗೆದಿಟ್ಟು ಅಂಗಡಿಯವನು ಪೊಟ್ಟಣ ಕಟ್ಟುತ್ತಿದ್ದ. ವಾಸನೆ ಮೂಗಿಗೆ ಬಿತ್ತು. ಸೀನು ಬರಲಿಲ್ಲ. ಅದರ ಬದಲು ನನ್ನ ಗಂಟಲಿನಿಂದ "ವಾಂಗ್ರೀ, ಉಕ್ಕಾರ್ರೀ" ಎಂಬ ಮಾತು ತಾನಾಗಿಯೇ ಹೊರಬಂತು. ಬನ್ನಿ, ಕೂತುಕೊಳ್ಳಿ ಎಂದು ಅಂಗಡಿಯವನನ್ನು ಅವನ ಅಂಗಡಿಗೇ ಕರೆದಂತಾಯಿತು. ಅವನು ಒಂದು ಗಳಿಗೆ ನೋಡಿ, ಪಾಪ, ನನಗೇ ಒಂದು ಸ್ಟೂಲು ಎಳೆದು ಕೊಟ್ಟ. ಕೂತೆ. ಅದು ಅಪ್ಪನ ದನಿ. ಪೆರಂಬೂರಿನ ಕ್ವಾರ್ಟರ್ಸಿನಲ್ಲಿದ್ದಾಗ ನನ್ನ ಗಂಟಲು ಬಿಟ್ಟು ಹೋದದ್ದು, ಮತ್ತೆ ಬಂದಿರಲೇ ಇಲ್ಲ.

ಅಪ್ಪ ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಊರು ಧಾರವಾಡದ ಕಡೆ. ಮದುವೆಗೆ ಮುಂಚೆ ಉತ್ತರದ ಲೈನುಗಳಲ್ಲಿ ಕೆಲಸ ಮಾಡಿ ಹಿಂದಿ ಕಲಿತು, ಆಮೇಲೆ ಮದ್ರಾಸಿಗೆ ಬಂದು ತಮಿಳು ಕಲಿತರು. ಕಲಿತರು ಎನ್ನುವುದು ಮನೆತನದ ಮರ್ಯಾದೆಗಾಗಿ ಹೇಳುವ ಮಾತು. ಸಿಕ್ಕ ತಮಿಳು ಶಬ್ದಕ್ಕೆಲ್ಲ ಧಾರವಾಡದ 'ರೀ' ಜೋಡಿಸುತ್ತಿದ್ದರು, ಅಷ್ಟೇ. ಹೋಗಿ ಎನ್ನಲು "ಪೋಂಗ್ರೀ", ಊಟ ಮಾಡಿ ಎನ್ನಲು "ಸಾಪ್ಪಿಡ್ರೀ", ಪಕ್ಕದ ಮನೆಯವರ ಯೋಗಕ್ಷೇಮಕ್ಕೆ "ಎನ್ನರೀ ಮಾಮೀ, ಸೌಖ್ಯಮಾರೀ". ನಮ್ಮ ಸಾಲಿನ ಮಕ್ಕಳೆಲ್ಲ ಅವರ ಹಾಗೆ ಮಾತಾಡುತ್ತಿದ್ದರು, ಎಲ್ಲರಿಗಿಂತ ಚೆನ್ನಾಗಿ ನಾನು. ಅಪ್ಪನಿಗೆ ಸಿಟ್ಟು ಬರುತ್ತಿರಲಿಲ್ಲ. "ಏ ಗಿರಿಯಾ, ಮೂಗು ಇನ್ನೂ ಸ್ವಲ್ಪ ಹಿಡಿಬೇಕಲೇ, ನಶ್ಯಾ ಏರಿದಂಗ ಕೇಳಬೇಕು" ಎಂದು ತಿದ್ದುತ್ತಿದ್ದರು.

ನಮ್ಮ ಸಾಲಿನಲ್ಲಿ ಟೀವಿ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಕಪ್ಪು ಬಿಳುಪಿನದು, ಗಾಳಿ ಬಂದರೆ ಚಿತ್ರ ಓಲಾಡುವಂಥದ್ದು. ನಾನು ಬಿ.ಕಾಂ. ಓದುತ್ತಿದ್ದ ಆ ವರ್ಷ ಭಾನುವಾರ ಬೆಳಿಗ್ಗೆ ಒಂದು ಹಿಂದಿ ಸೀರಿಯಲ್ ಬರುತ್ತಿತ್ತು. ಉತ್ತರದ ಒಂದು ಊರು, ಒಂದು ದೊಡ್ಡ ಹವೇಲಿ, ಅದರ ತುಂಬ ಒಡೆಯರು, ಅವರ ಕಾರಭಾರ ನೋಡಿಕೊಳ್ಳುವ ಒಬ್ಬ ಮುನ್ಷಿ. ಮುನ್ಷಿ ವಾರಕ್ಕೊಂದು ಕೋಣೆಯಂತೆ ಹವೇಲಿಯನ್ನು ನುಂಗುತ್ತ ಬರುತ್ತಾನೆ. ಸಣಕಲು ಮೈ, ಬಗಲಲ್ಲಿ ಛತ್ರಿ, ಸೊಂಟದಲ್ಲಿ ಕೀಲಿಕೈ ಗೊಂಚಲು, ಎಡಗೈಯಲ್ಲಿ ನಶ್ಯದ ಡಬ್ಬಿ. ಕಥೆ ಇಷ್ಟು. ಆದರೆ ಹಿಂದಿ ಯಾರಿಗೆ ಬರಬೇಕು? ಪಕ್ಕದ ಮನೆಯ ಪಂಕಜಂ ಮಾಮಿಗೆ ಬಾರದು, ಅಪ್ಪನ ಜೊತೆ ಕೆಲಸ ಮಾಡುವ ದೊರೈಸಾಮಿ ಅಣ್ಣನಿಗೆ ಬಾರದು, ತಮಿಳುನಾಡಿನ ಶಾಲೆಯಲ್ಲಿ ಓದಿದ ನನಗೂ ಅಕ್ಕನಿಗೂ ಬಾರದು. ಹೀಗಾಗಿ ಅಪ್ಪನೇ ಟೀವಿ ಪಕ್ಕ ಕೂತು ಪ್ರತಿ ಮಾತನ್ನೂ ತಮ್ಮ ತಮಿಳಿಗೆ ತಂದು ಹಾಕುತ್ತಿದ್ದರು. ಎಲ್ಲರಿಗೂ ಒಂದೇ ದನಿ. ಹವೇಲಿಯ ಚೆಲುವೆ ಕಣ್ಣು ತುಂಬಿಕೊಂಡು ತುಟಿ ಅಲುಗಿಸಿದರೆ, ನಶ್ಯ ಏರಿದ ಗಂಟಲಿನಿಂದ "ಎನ್ನೈ ಮನ್ನಿಚ್ಚಿಡ್ರೀ ಅಪ್ಪಾ" ಎಂದು ಕ್ಷಮೆ ಕೇಳುವುದು ಕೇಳಿಸುತ್ತಿತ್ತು. ನಗು ತಡೆಯಲಾರದೆ ಮಾಮಿ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದರು.

ದೊರೈಸಾಮಿ ಅಣ್ಣನಿಗೆ ಮುನ್ಷಿಯನ್ನು ಕಂಡರೆ ಆಗದು. "ಇವನೈ ಸೆರುಪ್ಪಾಲ ಅಡಿಕ್ಕಣುಂ" ಎಂದು ಅವರು ಚಪ್ಪಲಿ ಸೇವೆಯ ಮಾತೆತ್ತಿದರೆ ಅಪ್ಪ ಅನುವಾದ ನಿಲ್ಲಿಸಿ ಮುನ್ಷಿಯ ವಕೀಲಿಗೆ ನಿಲ್ಲುತ್ತಿದ್ದರು. ಆ ಮನೆಯಲ್ಲಿ ಕೆಲಸ ಮಾಡುವವನು ಅವನೊಬ್ಬನೇ ಅಲ್ಲವೇ, ಉಳಿದವರು ಅಳುತ್ತಾರೆ, ಹಾಡುತ್ತಾರೆ, ಮಾವಿನ ಗಿಡದ ಕೆಳಗೆ ನಿಲ್ಲುತ್ತಾರೆ, ಬಾಗಿಲು ಹಾಕುವವನು ಯಾರು, ದೀಪ ಆರಿಸುವವನು ಯಾರು? "ನೀವು ಫೋರ್‌ಮನ್ ಹತ್ರ ಹೋಗಿ ಹೀಂಗ ಕೇಳ್ರೀ ಅಣ್ಣಾ" ಎಂದು ದೊರೈಸಾಮಿ ಅಣ್ಣ ಕನ್ನಡದಂಥದ್ದೊಂದನ್ನು ಹೇಳಿ ಅಪ್ಪನನ್ನು ಅಣಕಿಸುತ್ತಿದ್ದರು. ಅಪ್ಪ ಪಟ್ಟು ಬಿಡುತ್ತಿರಲಿಲ್ಲ. ಮುನ್ಷಿ ಒಬ್ಬನೇ ಕೂತು ತಣ್ಣಗಾದ ರೊಟ್ಟಿ ತಿನ್ನುವುದನ್ನು ಒಂದು ವಾರ ತೋರಿಸಿದರು. ಆ ಭಾಗದಲ್ಲಿ ಮಾತೇ ಇರಲಿಲ್ಲ, ಅಪ್ಪನಿಗೆ ಮಾಡಲು ಕೆಲಸವೂ ಇರಲಿಲ್ಲ. ಸುಮ್ಮನೆ ನೋಡಿದರು. ಆಮೇಲೆ "ಯಾರರ ಒಬ್ರು ನೀಡಾಕ ಬೇಕಿತ್ತು" ಎಂದರು.

ಅಕ್ಕ ಶಶಿ ಆ ಹೊತ್ತಿಗೆ ಮನೆಯಲ್ಲಿ ಇರುತ್ತಿರಲಿಲ್ಲ. ಟಿ. ನಗರದ ಜವಳಿ ಅಂಗಡಿಯಲ್ಲಿ ಬಿಲ್ ಬರೆಯುತ್ತಿದ್ದಳು, ಭಾನುವಾರವೂ ಅಂಗಡಿ. ಪ್ಲಸ್ ಟೂದಲ್ಲಿ ಅವಳಿಗೆ ಬಂದ ಅಂಕಗಳನ್ನು ನನ್ನವುಗಳ ಪಕ್ಕ ಇಟ್ಟರೆ ನಾನು ಅವಳ ತಮ್ಮನೆಂದು ಯಾರೂ ನಂಬುವುದಿಲ್ಲ. ಆದರೂ ಅವಳನ್ನು ಮುಂದೆ ಓದಿಸುವುದು ಬೇಡ, ಟೈಪಿಂಗ್ ಸಾಕು ಎಂದವರು ಅಪ್ಪ. ನನ್ನನ್ನು ಬಿ.ಕಾಂ.ಗೆ ಹಾಕಿದವರೂ ಅಪ್ಪ. ಅವಳು ಅಂಗಡಿಗೆ ಸೇರಿದ ದಿನದಿಂದ ಅವರಿಬ್ಬರ ನಡುವೆ ಮಾತು ನಿಂತಿತ್ತು. "ಅಪ್ಪಗ ಹೇಳು ಊಟಕ್ಕ ಬಾ ಅಂತ", "ಅಕ್ಕಗ ಹೇಳು ಛತ್ರಿ ಒಯ್ಯಿ ಅಂತ". ನಾನು ಅಪ್ಪನ ಮಾತನ್ನು ಅಪ್ಪನ ದನಿಯಲ್ಲಿ, ಅಕ್ಕನ ಮಾತನ್ನು ಅಕ್ಕನ ದನಿಯಲ್ಲಿ ದಾಟಿಸುತ್ತ ನನ್ನ ಕಲೆಯನ್ನು ಬೆಳೆಸಿಕೊಂಡೆ.

ದೀಪಾವಳಿಯ ಹಿಂದಿನ ದಿನ ಅಪ್ಪನಿಗೆ ಎದೆ ಹಿಡಿದುಕೊಂಡಿತು. ಆಸ್ಪತ್ರೆಗೆ ಹೋಗಿ ಮಾರನೆಯ ದಿನ ಮನೆಗೆ ಬಂದರು, ಆದರೆ ಉಸಿರಿಲ್ಲದೆ ಬಂದರು. ಬಿಡದೆ ಮಳೆ. ಕಾಲೊನಿಯಲ್ಲಿ ಮೊಣಕಾಲು ಮಟ್ಟ ನೀರು, ನೀರಿನ ಮೇಲೆ ಸುಟ್ಟ ಪಟಾಕಿಯ ಕಾಗದ. ಮಣ್ಣು ಮಾಡಲು ಹೋದರೆ ಕುಣಿಯಲ್ಲಿ ನೀರು ನಿಂತಿತ್ತು. ದೊರೈಸಾಮಿ ಅಣ್ಣ ಪ್ಯಾಂಟು ಮಡಿಸಿ ಒಳಗಿಳಿದು ಬಕೆಟ್ಟಿನಿಂದ ನೀರು ತೋಡಿ ಹಾಕಿದರು. ತೋಡಿದಷ್ಟೂ ಬರುತ್ತಿತ್ತು. ಕೊನೆಗೆ ಧಾರವಾಡದಿಂದ ಬಂದ ದೊಡ್ಡಪ್ಪ "ಸಾಕು, ಇಳಿಸ್ರಿ" ಎಂದರು.

ನನಗೆ ಅಳು ಬರಲಿಲ್ಲ. ಅಳು ಇರಬೇಕಾದ ಕಿಟಕಿಯಲ್ಲಿ ಯಾರೋ ಗುಮಾಸ್ತ ಕೂತು 'ನಾಳೆ ಬಾ' ಎನ್ನುತ್ತಿದ್ದ ಹಾಗಿತ್ತು. ಯಾರು ಹೇಗೆ ಅಳುತ್ತಾರೆಂದು ನೋಡುತ್ತ ನಿಂತೆ. ಮಾಮಿ ಮೂಗಿನಿಂದ ಅಳುತ್ತಾರೆ, ದೊಡ್ಡಪ್ಪ ಸುತ್ತ ಜನ ಇದ್ದಾಗ ಅಳುತ್ತಾರೆ, ದೊರೈಸಾಮಿ ಅಣ್ಣ ಅಳುವಾಗ ಬಿಕ್ಕಳಿಕೆ ಬಂದವರ ಹಾಗೆ ಕಾಣುತ್ತಾರೆ. ಎಲ್ಲವೂ ಮನಸ್ಸಿನಲ್ಲಿ ದಾಖಲಾಯಿತು, ಒಂದೂ ತಾಗಲಿಲ್ಲ. ಅಕ್ಕನೂ ಅಳಲಿಲ್ಲ. ಅವ್ವನೂ ಅಳಲಿಲ್ಲ. ಅವ್ವ ಅಡುಗೆಮನೆಯ ಗೋಡೆಗೆ ಬೆನ್ನು ಕೊಟ್ಟು ಕೂತವಳು ಅಲ್ಲೇ ಕೂತಳು. ಕೇಳಿದರೆ ತಲೆ ಆಡಿಸುತ್ತಾಳೆ, ಮಾಡಿಟ್ಟರೆ ಎರಡು ತುತ್ತು ತಿನ್ನುತ್ತಾಳೆ. ಮಾತಿಲ್ಲ. ಮಳೆ ಹನಿಯುತ್ತಿತ್ತು, ಗೋಡೆ ಬೆವರುತ್ತಿತ್ತು, ಸಮಯಕ್ಕೆ ಸರಿಯಾಗಿ ವರ್ಕ್‌ಶಾಪಿನ ಸೈರನ್ ಕೂಗುತ್ತಿತ್ತು. ಅದು ಕೂಗಿದಾಗ ಅವ್ವ ಎದ್ದು ಚಹಾದ ಪಾತ್ರೆ ಒಲೆಯ ಮೇಲೆ ಇಟ್ಟು, ಒಂದು ಗಳಿಗೆ ನಿಂತು, ಇಳಿಸಿಡುತ್ತಿದ್ದಳು.

ಆ ದಿನಗಳಲ್ಲಿ ರೈಲ್ವೆಯ ವೆಲ್ಫೇರ್ ಇನ್ಸ್‌ಪೆಕ್ಟರ್ ಮನೆಗೆ ಬಂದರು. ಕೆಲಸದಲ್ಲಿದ್ದಾಗಲೇ ತೀರಿಕೊಂಡವರ ಮಕ್ಕಳಲ್ಲಿ ಒಬ್ಬರಿಗೆ ನೌಕರಿ ಕೊಡುತ್ತಾರೆ, ಯಾರಿಗೆ ಎನ್ನುವುದನ್ನು ಅವ್ವ ಹೇಳಬೇಕು. "ಅಮ್ಮಾ, ಪೈಯನುಕ್ಕಾ, ಪೊಣ್ಣುಕ್ಕಾ?" ಮಗನಿಗೋ ಮಗಳಿಗೋ. ಅವ್ವ ಅವರ ಚಪ್ಪಲಿ ನೋಡುತ್ತ ಕೂತಳು. ಅವರು ಎರಡನೇ ಸಲ ಬಂದರು. ಆಗಲೂ ಅಷ್ಟೇ. ಪೊಂಗಲ್ ಕಳೆದ ಮೇಲೆ ಆಫೀಸಿಗೆ ಬಂದು ಹೇಳಲಿ, ಬಹಳ ದಿನ ಇಟ್ಟುಕೊಳ್ಳಲಾಗುವುದಿಲ್ಲ ಎಂದು ನನಗೆ ಹೇಳಿ ಹೋದರು. ದೊಡ್ಡಪ್ಪನಂತೂ ಕುಣಿಯ ಬಳಿಯೇ ತೀರ್ಮಾನ ಮಾಡಿಬಿಟ್ಟಿದ್ದರು: ನೌಕರಿ ಹುಡುಗನಿಗೆ, ಹುಡುಗಿಗೆ ಮದುವೆ, ಅವ್ವನಿಗೆ ಧಾರವಾಡ. ಸಂಕ್ರಾಂತಿ ಮುಗಿಸಿ ಬಂದು ತಾವೇ ಅವ್ವನನ್ನು ಆಫೀಸಿಗೆ ಕರೆದೊಯ್ಯುವುದಾಗಿ ಹೇಳಿದ್ದರು. ನನಗೆ ಆ ನೌಕರಿ ಬೇಡವಾಗಿತ್ತು. ಸ್ಪ್ಯಾನರು ಹಿಡಿದರೆ ಸ್ಪ್ಯಾನರಿಗೇ ನಾಚಿಕೆಯಾಗುತ್ತದೆ. ಅಕ್ಕನಿಗೆ ಬೇಕಾಗಿತ್ತು. ಹಾಗೆಂದು ಅವಳು ಒಮ್ಮೆಯೂ ಹೇಳಲಿಲ್ಲ. ಜವಳಿ ಅಂಗಡಿಯಿಂದ ಬಂದು ಕಾಲು ತೊಳೆದುಕೊಂಡು, ಬಾತ ಬೆರಳುಗಳನ್ನು ಒತ್ತಿಕೊಳ್ಳುತ್ತ ಟೈಪಿಂಗ್ ಪರೀಕ್ಷೆಗೆ ಓದುತ್ತಿದ್ದಳು.

ಕಾರ್ತಿಕ ಮುಗಿಯುವಾಗ ಒಂದು ಭಾನುವಾರ ಮಾಮಿ ಬಾಗಿಲಲ್ಲಿ ನಿಂತರು. ಸಾವಾದ ಮನೆಯಲ್ಲಿ ಟೀವಿ ಹಾಕಿ ಎಂದು ಕೇಳುವುದು ಹೇಗೆ? ಕೇಳದೆ ಇರುವುದಾದರೂ ಹೇಗೆ? ಅವ್ವನೇ ಒಳಗಿನಿಂದ ಕೈ ಮಾಡಿ ಹಾಕು ಎಂದಳು. ದೊರೈಸಾಮಿ ಅಣ್ಣನೂ ಬಂದರು. ಸೀರಿಯಲ್ ಶುರುವಾಯಿತು. ಹವೇಲಿಯವರು ಎಂದಿನಂತೆ ಮಾತಾಡತೊಡಗಿದರು, ನಾವು ಮೀನಿನ ತೊಟ್ಟಿ ನೋಡಿದ ಹಾಗೆ ನೋಡಿದೆವು. ಸ್ವಲ್ಪ ಹೊತ್ತಾದ ಮೇಲೆ ಮಾಮಿ ನನ್ನ ಕಡೆ ತಿರುಗಿ, "ಗಿರಿ, ಅವ ಎನ್ನಡಾ ಸೊಲ್ರಾ?" ಎಂದು ಕೇಳಿದರು.

ಏನು ಹೇಳುತ್ತಾಳೆಂದು ನನಗೆ ಹೇಗೆ ಗೊತ್ತು? ನನಗೆ ಬರುತ್ತಿದ್ದ ಹಿಂದಿ ಹಾಂ, ನಹೀಂ, ಜೊತೆಗೆ ರೈಲ್ವೆ ಸ್ಟೇಷನ್ನಿನ ಬೋರ್ಡು. ಆದರೆ ಮುಖ ನೋಡಿ ಮಾತು ಊಹಿಸುವುದು ಬರುತ್ತಿತ್ತು. ಚೆಲುವೆಗೆ ಮಾಮಿಯ ದನಿ ಕೊಟ್ಟೆ, ಮಾಮಿಗೆ ಗೊತ್ತಾಗಲಿಲ್ಲ. ಯಜಮಾನನಿಗೆ ನಮ್ಮ ಕಾಲೇಜಿನ ಪ್ರಿನ್ಸಿಪಾಲರ ದನಿ. ಅಷ್ಟರಲ್ಲಿ ಮುನ್ಷಿ ಬಂದ. ಛತ್ರಿ ಮೂಲೆಗೆ ಆನಿಸಿ, ಒಂದು ಚಿಟಿಕೆ ನಶ್ಯ ಏರಿಸಿ, ಭುಜ ಸಡಿಲಿಸಿ ಬಾಯಿ ತೆರೆದ. "ಕೊಂಜಂ ಕೇಳ್ರೀ" ಎಂದೆ, ಸ್ವಲ್ಪ ಕೇಳಿ ಎಂದು, ಅಪ್ಪನ ದನಿಯಲ್ಲಿ.

ಯಾರೂ ನಗಲಿಲ್ಲ. ಮಾಮಿ ಕಣ್ಣು ಅಲ್ಲಾಡಿಸದೆ ಟೀವಿ ನೋಡಿದರು. ದೊರೈಸಾಮಿ ಅಣ್ಣ ನೆಲ ನೋಡಿದರು. ನಿಲ್ಲಿಸಬೇಕೆಂದು ನನಗೂ ಅನ್ನಿಸಿತು, ಆದರೆ ಮುನ್ಷಿ ಮಾತಾಡುತ್ತಲೇ ಇದ್ದ, ಬಾಯಿ ಖಾಲಿ ಬಿಡುವುದು ಹೇಗೆ? ಹೇಳುತ್ತ ಹೋದೆ. ಅಡುಗೆಮನೆಯ ಬಾಗಿಲಲ್ಲಿ ಸೀರೆಯ ಸದ್ದು. ಅವ್ವ ಬಂದು ಚೌಕಟ್ಟಿಗೆ ಒರಗಿ ನಿಂತಿದ್ದಳು. ಅಂದು ಮಧ್ಯಾಹ್ನ ತಾನೇ ಬಡಿಸಿಕೊಂಡು ಊಟ ಮಾಡಿದಳು.

ಅಲ್ಲಿಂದ ಭಾನುವಾರಗಳೆಲ್ಲ ಹಾಗೇ. ಮುನ್ಷಿ ಪರದೆಯ ಮೇಲೆ ಎರಡು ಮಾತಾಡಿದರೆ ನನ್ನ ಬಾಯಲ್ಲಿ ಐದಾರು. ಅವನು ಚೆಲುವೆಯ ಮದುವೆ ಮುರಿದ, ಮುರಿಯುತ್ತಲೇ ನಮ್ಮ ದನಿಯಲ್ಲಿ ಅವಳ ಆರೋಗ್ಯ ವಿಚಾರಿಸಿದ. ಯಜಮಾನನ ಔಷಧಿ ಬದಲಾಯಿಸಿದ. ಬದಲಾಯಿಸುವಾಗ ತನಗೂ ವಯಸ್ಸಾಯಿತು, ಮೆಟ್ಟಿಲು ಹತ್ತಿದರೆ ಮಂಡಿ ನೋಯುತ್ತದೆ, ಈ ಮನೆಯಲ್ಲಿ ಯಾರೂ ಕೇಳುವವರಿಲ್ಲ ಎಂದ. ಮಾಡುವುದೆಲ್ಲ ಕೇಡು, ದನಿ ಮಾತ್ರ ನಮ್ಮ ಮನೆಯದು. ಮಾಮಿ "ಪಾವಂ" ಎಂದು ಮರುಗತೊಡಗಿದರು. ಚಪ್ಪಲಿಯ ಮಾತೆತ್ತುತ್ತಿದ್ದ ದೊರೈಸಾಮಿ ಅಣ್ಣ, ಮುನ್ಷಿ ಬರುವ ಹೊತ್ತಿಗೆ ಬೀಡಿ ಆರಿಸಿ ನೆಟ್ಟಗೆ ಕೂರುತ್ತಿದ್ದರು. ಒಂದು ಸಲ ಅವರು ಮುನ್ಷಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ "ಸರಿ ಅಣ್ಣಾ" ಎಂದದ್ದನ್ನು ನಾನು ಕೇಳಿದೆ. ಆ ದನಿ ಯಾರದೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ.

ಆಗ ನನಗೊಂದು ಸಂಗತಿ ತಿಳಿಯಿತು. ಒಬ್ಬನನ್ನು ಅಣಕಿಸಲು ದನಿ ಸಾಕು. ಆದರೆ ವಾರ ವಾರ ಅವನಾಗಿ ಮಾತಾಡಬೇಕಾದರೆ ಅವನ ದಣಿವು ಸಿಗಬೇಕು. ಮುನ್ಷಿ ಔಷಧಿ ಬದಲಾಯಿಸುವ ಮುಂಚೆ ಬೆರಳು ಒರೆಸಿಕೊಂಡ. ಯಾಕೆ ಒರೆಸಿಕೊಂಡ ಎಂದು ಒಂದು ವಾರವೆಲ್ಲ ಯೋಚಿಸಿದೆ. ಯೋಚಿಸುತ್ತ ಯೋಚಿಸುತ್ತ ಅವನ ಮೇಲೆ ಸಿಟ್ಟೇ ಉಳಿಯಲಿಲ್ಲ. ಒಳ್ಳೆಯವರ ವಿಷಯದಲ್ಲಿ ಹೀಗೆ ಯೋಚಿಸಬೇಕಾಗಿ ಬರುವುದಿಲ್ಲ, ಅವರು ಅಳುವುದು ಯಾಕೆಂದು ಅವರೇ ಹೇಳಿಬಿಡುತ್ತಾರೆ.

ಪೊಂಗಲ್ ಬಂತು. ಮಳೆ ನಿಂತು ಗೋಡೆಗಳು ಒಣಗಿದವು. ಸಂಕ್ರಾಂತಿ ಮುಗಿಸಿ ಶನಿವಾರ ದೊಡ್ಡಪ್ಪ ಬಂದಿಳಿದರು. ಸೋಮವಾರ ಅವ್ವನನ್ನು ಆಫೀಸಿಗೆ ಕರೆದೊಯ್ಯುವುದೆಂದಾಯಿತು. ಅವ್ವ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಸಂಜೆ ನಾನು ನಲ್ಲಿಯ ಹತ್ತಿರ ಬಕೆಟ್ಟು ಇಟ್ಟುಕೊಂಡು ನಿಂತಿದ್ದೆ. ಅಕ್ಕ ಕೊಡ ಹಿಡಿದು ಬಂದು ಪಕ್ಕದಲ್ಲಿ ನಿಂತಳು.

"ಗಿರಿಯಾ, ನಾಳೆ ಸೀರಿಯಲ್ ಅದ ಅಲ್ಲ?"

"ಅದ. ನಿಂಗ್ಯಾಕ? ನಿಂದು ಅಂಗಡಿ."

"ರಜಾ ಹಾಕೀನಿ." ಕೊಡ ತುಂಬುವುದನ್ನೇ ನೋಡುತ್ತ ಹೇಳಿದಳು. "ಮುನ್ಷಿ ಬಾಯಾಗ ಒಂದು ಮಾತು ಹೇಳ್ಸು. ಅವ್ವ ಅವನ ಮಾತು ಕೇಳ್ತಾಳಂತ, ಮಾಮಿ ಹೇಳಿದ್ರು."

ನಾನು ನಗಲು ನೋಡಿದೆ. "ಏನಂತ ಹೇಳ್ಸಲಿ? ಶಶಿಗೆ ನೌಕರಿ ಕೊಡು ಅಂತನಾ? ಅವನು ಹವೇಲಿ ಮುನ್ಷಿ, ವೆಲ್ಫೇರ್ ಇನ್ಸ್‌ಪೆಕ್ಟರ್ ಇಲ್ಲ."

"ಹೆಂಗರ ಹೇಳ್ಸು. ನೀ ಶಾಣ್ಯಾ ಅದಿ."

ಇಷ್ಟು ವರ್ಷದಲ್ಲಿ ಅವಳು ನನ್ನನ್ನು ಶಾಣ್ಯಾ ಎಂದದ್ದು ಅದೊಂದೇ ಸಲ. ಅಪ್ಪನ ದನಿಯಲ್ಲಿ ತನ್ನ ಪರವಾಗಿ ಒಂದು ಮಾತನ್ನು ಅವಳು ನನ್ನಿಂದ ಬೇಡುತ್ತಿದ್ದಳು. ಅದು ಅಪ್ಪ ಬದುಕಿದ್ದಾಗ ಅವಳಿಗೆ ಸಿಕ್ಕಿರಲಿಲ್ಲ. ಇದೆಲ್ಲ ನನಗೆ ಅರ್ಥವಾಯಿತು. ಎದೆಯಲ್ಲಿ ಏನಾದರೂ ಆಗಬೇಕಿತ್ತು. ಏನೂ ಆಗಲಿಲ್ಲ. ಬಕೆಟ್ಟು ತುಂಬಿ ಹರಿಯುತ್ತಿತ್ತು, ಎತ್ತಿಕೊಂಡು ಬಂದೆ.

ಭಾನುವಾರ ದೊಡ್ಡಪ್ಪ ಟೀವಿಯ ಎದುರಿಗೇ ಆಸನ ಹಾಕಿದರು. ಅವರ ಹಿಂದಿ ಚೆನ್ನಾಗಿದೆ, ಅದನ್ನು ನಾನು ಮರೆತಿದ್ದೆ. ಮೊದಲ ಮಾತಿಗೇ ಹಿಡಿದುಬಿಟ್ಟರು. "ಏ, ಆಕಿ ಹಂಗ ಎಲ್ಲಿ ಅಂದ್ಳೋ? ಬಾಗಲಾ ತಗಿ ಅಂದ್ಳು."

"ತಮಿಳಿನ್ಯಾಗ ಹಂಗಽ ಬರ್ತದ ದೊಡ್ಡಪ್ಪ" ಎಂದೆ. ಮಾಮಿ ಅವರಿಗೆ ಸುಮ್ಮನಿರಿ ಎಂದು ಕೈ ಮಾಡಿದರು.

ಮುನ್ಷಿ ಬಂದ. ಹವೇಲಿಯ ಯಜಮಾನಿತಿ ಮಂಚದ ಮೇಲೆ ಕೂತಿದ್ದಾಳೆ, ಮಗಳು ಕಂಬ ಹಿಡಿದು ನಿಂತಿದ್ದಾಳೆ. ಮುನ್ಷಿ ಸೊಂಟದಿಂದ ಕೀಲಿಕೈ ಗೊಂಚಲು ಬಿಚ್ಚಿ ಯಜಮಾನಿತಿಯ ಮುಖದ ಮುಂದೆ ಹಿಡಿದ. ಇದಕ್ಕಿಂತ ಒಳ್ಳೆಯ ಸಂದರ್ಭ ನನಗೆ ಸಿಗುವುದಿತ್ತೇ? ಬಾಗಿಲ ಚೌಕಟ್ಟಿಗೆ ಅವ್ವ ಒರಗಿದ್ದಳು, ಅವಳ ಹಿಂದೆ ಅಕ್ಕ. ನಾನು ಮೂಗು ಸ್ವಲ್ಪ ಹಿಡಿದೆ. ಅಂದು ಮುನ್ಷಿ ಮೊದಲ ಸಲ ತಮಿಳು ಬಿಟ್ಟು ಧಾರವಾಡದ ಕನ್ನಡ ಮಾತಾಡಿದ.

"ಕೇಳಿಲ್ಲಿ. ಈ ಕೀಲಿಕೈ ಮಗಳ ಕೈಯಾಗ ಕೊಟ್ಟಬಿಡು. ಮಗಾ ದಡ್ಡ ಅದಾನ, ಕಳಕೊಂಡ ಬರ್ತಾನ. ಆಕಿ ಮನಿ ನಡಸ್ತಾಳ."

ದೊಡ್ಡಪ್ಪ ನನ್ನನ್ನು, ಟೀವಿಯನ್ನು, ಮತ್ತೆ ನನ್ನನ್ನು ನೋಡಿದರು. "ಏನ್ ಹೇಳ್ತೀಯೋ ಹುಚ್ಚಾ? ಅವಾ ಮನಿ ಬಿಟ್ಟ ಹೊಂಡ್ರಿ ಅನ್ಲಿಕತ್ಯಾನ."

"ಭಾವಾರ, ಒಂದು ಗಳಿಗಿ ಸುಮ್ನಿರ್ರಿ."

ಅವ್ವನ ದನಿ. ಎಷ್ಟೋ ದಿನಗಳಿಂದ ಬಳಸದೆ ಅದು ಒಡೆದು ಬಂತು, ನನಗೆ ತಟ್ಟನೆ ಗುರುತು ಹತ್ತಲಿಲ್ಲ. ಅವಳು ಚೌಕಟ್ಟು ಬಿಟ್ಟು ಒಂದು ಹೆಜ್ಜೆ ಒಳಗೆ ಬಂದಳು.

"ಅವರು ಹಂಗ ಅಂತಿರ್ಲಿಲ್ಲೋ ಗಿರಿಯಾ" ಎಂದಳು. ಸಿಟ್ಟಿರಲಿಲ್ಲ, ಉಪ್ಪು ಕಡಿಮೆಯಾಗಿದೆ ಎನ್ನುವ ಹಾಗೆ ಹೇಳಿದಳು. "ಹುಡುಗಗ ಕೊಡು ಅಂತಿದ್ರು. ಹುಡುಗಿಗೆ ಕೊಟ್ರ ನಾಳೆ ಕೊಟ್ಟ ಮನಿಗೆ ಹೋಗ್ತದ ಅಂತಿದ್ರು. ನನಗ ಗೊತ್ತದ."

ಅಕ್ಕ ತಲೆ ತಗ್ಗಿಸಿದಳು. ದೊಡ್ಡಪ್ಪ ತೊಡೆ ತಟ್ಟಿದರು. "ಮತ್ತ? ನಾನೂ ಅದನ್ನಽ ಹೇಳೂದು. ನನ್ನ ತಮ್ಮ ನನಗ ಗೊತ್ತಿಲ್ಲೇನು?"

"ಹೌದ್ರಿ ಭಾವಾರ. ಅವರು ಹಂಗಽ ಅಂತಿದ್ರು." ಅವ್ವ ಸೆರಗು ತಲೆಯ ಮೇಲೆ ಎಳೆದುಕೊಂಡಳು. "ನಾ ನಾಳೆ ಶಶಿ ಹೆಸರು ಹೇಳ್ತೀನಿ."

ದೊಡ್ಡಪ್ಪ ಬಾಯಿ ತೆರೆದರು. ಅವ್ವ ಅವರ ಕಡೆ ನೋಡದೆ, ಜನರ ನಡುವೆ ಜಾಗ ಮಾಡಿಕೊಂಡು, ಮಾಮಿಯ ಪಕ್ಕ ಚಾಪೆಯ ಮೇಲೆ ಕೂತಳು. ಅಕ್ಕ ಅಡುಗೆಮನೆಗೆ ಹೋದಳು. ಅಲ್ಲಿ ಒಂದು ಪಾತ್ರೆ ಕೆಳಗೆ ಬಿತ್ತು, ಆಮೇಲೆ ನಲ್ಲಿ ಬಿಟ್ಟ ಸದ್ದು, ಬಹಳ ಹೊತ್ತು ನೀರು ಸುರಿಯುವ ಸದ್ದು.

"ಮುಂದ ನಡಸು" ಎಂದಳು ಅವ್ವ ನನಗೆ.

ನಾನು ಪರದೆಯ ಕಡೆ ತಿರುಗಿದೆ. ಮುನ್ಷಿ ಇನ್ನೂ ಮಾತಾಡುತ್ತಿದ್ದ. ಗಂಟಲು ಸರಿಮಾಡಿಕೊಂಡೆ. ಏನೂ ಬರಲಿಲ್ಲ. ಅಪ್ಪನ ದನಿ ಇರುವ ಜಾಗದಲ್ಲಿ ಬರೀ ಗಂಟಲು ಇತ್ತು. ಹೀಗಾಗಿ ಅಂದು ಮೊದಲ ಸಲ ನಾವೆಲ್ಲ ಮುನ್ಷಿಯ ಸ್ವಂತ ದನಿ ಕೇಳಿದೆವು. ತೆಳ್ಳಗಿನ, ಸ್ವಲ್ಪ ಕೀರಲು ದನಿ. ಅಪ್ಪನಿಗೂ ಅದಕ್ಕೂ ಏನೇನೂ ಸಂಬಂಧವಿರಲಿಲ್ಲ. ಅವನು ಯಾವುದೋ ಮನೆಯ ಯಾವುದೋ ಹೆಂಗಸಿಗೆ, ತನ್ನ ಭಾಷೆಯಲ್ಲಿ, ಏನೋ ಹೇಳುತ್ತಿದ್ದ.

"ಎನ್ನಡಾ ಸೊಲ್ರಾನ್?" ಎಂದು ಮಾಮಿ ಕೇಳಿದರು.

"ತೆರಿಯಾದು ಮಾಮಿ" ಎಂದೆ. ನನಗೆ ಗೊತ್ತಿಲ್ಲ.